ಕೆನ್ನೆಯ ಮೇಲಿನ ಕಿಟಕಿ

ನಮ್ಮೂರಿನಲ್ಲಿ ಮನೆ ಯಾರದು ಎಂದು ತಿಳಿಯಲು ಕಾಗದಪತ್ರ ನೋಡುವುದಿಲ್ಲ, ಕೆನ್ನೆ ನೋಡುತ್ತಾರೆ. ಹನ್ನೆರಡು ಬೇಸಿಗೆ ಒಂದೇ ಕಿಟಕಿಯ ಪಕ್ಕ ಕೂತು ಕೆಲಸ ಮಾಡಿದವರ ಮುಖದ ಮೇಲೆ ಆ ಕಿಟಕಿ ಅಚ್ಚಾಗಿ ಇಳಿಯುತ್ತದೆ. ಬಿಸಿಲು ಬಿದ್ದ ಕಡೆ ಕಪ್ಪು, ಸರಳಿನ ನೆರಳು ಬಿದ್ದ ಕಡೆ ತಿಳಿ. ಕಪ್ಪಿನ ಅಂಚಿನಲ್ಲಿ ವರ್ಷಕ್ಕೊಂದರಂತೆ ಕೂದಲೆಳೆಯಷ್ಟು ಸಣ್ಣ ಗೆರೆ. ಆ ಗೆರೆಗಳನ್ನು ಭೂತಗನ್ನಡಿ ಹಿಡಿದು ಎಣಿಸುವುದು ಪುರಸಭೆಯಲ್ಲಿ ನನ್ನ ಕೆಲಸ. ನನ್ನ ತಂದೆಯದೂ ಅದೇ ಕೆಲಸವಾಗಿತ್ತು. ಜನ ನಮ್ಮನ್ನು ಅಚ್ಚು ಗುಮಾಸ್ತರು ಎನ್ನುತ್ತಾರೆ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರಂತೆ, ನಗಲಿ. ಅವರ ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ನಮ್ಮ ಕೆನ್ನೆಗೆ ಇನ್ನೂ ಹಿಡಿದಿಲ್ಲ.

ನಿಯಮಗಳೇನೂ ಹೆಚ್ಚಿಲ್ಲ. ಅಚ್ಚನ್ನು ನಡುಮಧ್ಯಾಹ್ನದ ಬಿಸಿಲಿನಲ್ಲೇ ಓದಬೇಕು, ನೆರಳಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಗೆರೆಗಳನ್ನು ಮೂರು ಸಲ ಎಣಿಸಬೇಕು. ಒಂದೇ ಕಿಟಕಿ ಇಬ್ಬರ ಕೆನ್ನೆಯಲ್ಲಿದ್ದರೆ ಮೊದಲು ಕೂತವರದು ಮನೆ. ಯಾರ ಕೆನ್ನೆಯಲ್ಲೂ ಇಲ್ಲವೆಂದಾದರೆ ಯಾರು ಮೊದಲು ಅರ್ಜಿ ಕೊಡುತ್ತಾರೋ ಅವರಿಗೆ. ಈ ಕೊನೆಯ ನಿಯಮ ಮಾಡಿದವರು ತಮಾಷೆಗೆ ಮಾಡಿದರೋ ಏನೋ, ಯಾಕೆಂದರೆ ಅಚ್ಚಿಲ್ಲದ ಮನೆ ನಮ್ಮೂರಿನಲ್ಲಿ ಇಪ್ಪತ್ತು ವರ್ಷಕ್ಕೊಂದು ಸಿಕ್ಕಿದರೆ ಹೆಚ್ಚಾಗಿತ್ತು.

ಅದು ಬದಲಾದದ್ದು ಸಿಪ್ಪೆನೀರು ಬಂದ ಮೇಲೆ. ಬಸ್ ಸ್ಟ್ಯಾಂಡಿನ ಎದುರಿನ ಫ್ಯಾನ್ಸಿ ಸ್ಟೋರಿನಲ್ಲಿ ಬೆರಳುದ್ದದ ಬಾಟಲಿಗಳು ಸಾಲಾಗಿ ನಿಂತವು. ಬಾಟಲಿಯ ಮೇಲೆ ಏನೋ ಆಸಿಡ್ಡಿನ ಹೆಸರಿತ್ತು. ಬಿಸಿಲಿಗೆ ಕೆಟ್ಟ ಚರ್ಮವನ್ನು ಮನೆಯಲ್ಲೇ ಕೂತು ತೆಗೆಯಬಹುದು ಎಂದಿತ್ತು. ಹಚ್ಚಿದರೆ ಮೊದಲು ಚುರುಗುಟ್ಟುತ್ತದೆ, ಮೂರನೆಯ ದಿನ ಮೇಲಿನ ಪದರ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಅದಕ್ಕೇ ನಮ್ಮ ಜನ ಸಿಪ್ಪೆನೀರು ಎಂದು ಕರೆದರು. ಜೊತೆಗೊಂದು ಚೀಟಿ ಇರುತ್ತಿತ್ತು. ಮೊದಲು ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ ನೋಡಿ, ಮೂರು ನಿಮಿಷಕ್ಕಿಂತ ಹೆಚ್ಚು ಇಡಬೇಡಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಿರಿ, ಸುಲಿಯುವ ಸಿಪ್ಪೆಯನ್ನು ಕೀಳಬೇಡಿ, ಏಳು ದಿನ ಬಿಸಿಲಿಗೆ ಮುಖ ಕೊಡಬೇಡಿ, ಕೊಟ್ಟರೆ ಮೊದಲಿಗಿಂತ ಕಪ್ಪಾಗುತ್ತದೆ. ನಮ್ಮೂರಿನವರು ಚೀಟಿಯನ್ನು ಮಡಿಸಿ ದೇವರ ಗೂಡಿನಲ್ಲಿಟ್ಟು, ಬಾಟಲಿ ತೆರೆದರು.

ಮೊದಮೊದಲು ತೆಗೆಸಿಕೊಂಡವರು ಮರೆಮಾಚಬೇಕಾದಂಥ ಅಚ್ಚು ಇದ್ದವರು. ಸೈಜುಗಲ್ಲು ಕಡೆಯುವ ಒಬ್ಬನ ಬೆನ್ನಿನಲ್ಲಿ ಹೆಂಡತಿಯ ಮನೆಯದಲ್ಲದ ಜಾಲರಿಯೊಂದು ಹದಿನಾರು ವರ್ಷದಿಂದ ಇತ್ತು. ಆತ ಎರಡು ಬಾಟಲಿ ತಗೊಂಡು ಹೋದ. ಹೆಂಡತಿಗೆ ಅದು ಹದಿನೈದು ವರ್ಷದಿಂದ ಗೊತ್ತಿತ್ತು, ಬೆನ್ನಿಗೆ ಹಚ್ಚಿದವಳೂ ಅವಳೇ. ಆಮೇಲೆ ಮರ್ಯಾದಸ್ಥರೂ ಶುರು ಮಾಡಿದರು. ಬುದ್ಧಿವಂತರು ಎಡಗೆನ್ನೆಯ ಅಚ್ಚನ್ನು ಬಿಟ್ಟು ಉಳಿದದ್ದನ್ನು ಸುಲಿದುಕೊಂಡರು. ಇನ್ನೂ ಬುದ್ಧಿವಂತರು ಕತ್ತಿನಲ್ಲೋ ಮುಂಗೈಯಲ್ಲೋ ಬೀಡಿ ಎಲೆಯಷ್ಟು ಜಾಗ ಉಳಿಸಿಕೊಂಡು ಮುಖವನ್ನೆಲ್ಲ ಬೆಳಗಿಸಿಕೊಂಡರು. ಅಷ್ಟಿದ್ದರೆ ನನಗೆ ಎಣಿಸಲು ಸಾಕು. ಮದುವೆಮನೆಗಳಲ್ಲಿ ಕೆನ್ನೆ ನೋಡಿ ಇಂಥವರ ಮನೆಯವರು ಎಂದು ಹೇಳುವುದು ಕಷ್ಟವಾಗಿ, ಹೆಂಗಸರು ಒಬ್ಬರನ್ನೊಬ್ಬರು ಹೆಸರು ಕೇಳಿ ಪರಿಚಯ ಮಾಡಿಕೊಳ್ಳುವುದನ್ನು ಕಲಿತರು.

ವಿಶಾಲಾಕ್ಷಿ ಎಲ್ಲರಿಗಿಂತ ತಡವಾಗಿ ಬಾಟಲಿ ಕೊಂಡಳು. ಆಕೆ ನಮ್ಮೂರಿನ ಟೈಲರು, ವಯಸ್ಸು ಐವತ್ತೆರಡು. ಕಂಡಕ್ಟರಾಗಿದ್ದ ಗಂಡ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಇಪ್ಪತ್ತಾರು ವರ್ಷದಿಂದ ಒಂದೇ ಕಿಟಕಿಯ ಪಕ್ಕ ಹೊಲಿಗೆ ಮೆಶಿನ್ ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ರವಿಕೆ ಹೊಲಿದಿದ್ದಾಳೆ. ಸೂಜಿಗೆ ದಾರ ಪೋಣಿಸಲು ಬೆಳಕು ಬೇಕು, ಬೆಳಕು ಬೇಕೆಂದರೆ ಬಿಸಿಲೂ ಬರುತ್ತದೆ. ಆಕೆಯ ಎಡಗೆನ್ನೆಯಲ್ಲಿ ಆ ಕಿಟಕಿಯ ಹೂವಿನ ಜಾಲರಿ ಎಷ್ಟು ಕಪ್ಪಾಗಿ ಕೂತಿತ್ತೆಂದರೆ ನಾನು ಹೊಸದಾಗಿ ಕೆಲಸ ಕಲಿಯುವವರಿಗೆ ಅದನ್ನೇ ಉದಾಹರಣೆ ಕೊಡುತ್ತಿದ್ದೆ. ಆದರೆ ಆಕೆಗೆ ಅದು ಸುಖವಾಗಿರಲಿಲ್ಲ. ಚರ್ಮ ಸುವರ್ಣಗೆಡ್ಡೆಯ ಹಾಗೆ ಒರಟಾಗಿ, ಬೇಸಿಗೆ ಬಂದರೆ ಬಿರಿದು, ನಕ್ಕರೆ ರಕ್ತ ಒಸರುತ್ತಿತ್ತು. ಅದಕ್ಕೇ ಆಕೆ ಫೆಬ್ರವರಿಯಿಂದ ಜೂನ್‌ವರೆಗೆ ನಗುತ್ತಿರಲಿಲ್ಲ. ಒಂದು ಸಲವಾದರೂ ನನ್ನ ಮುಖ ನಾನು ನೋಡ್ಬೇಕು ಎಂದು ಫ್ಯಾನ್ಸಿ ಸ್ಟೋರಿನಲ್ಲಿ ಹೇಳಿದಳಂತೆ.

ಆಕೆ ದಡ್ಡಿಯಲ್ಲ. ಕೆನ್ನೆಗೆ ಮಾತ್ರ ಹಚ್ಚಿ, ಕತ್ತಿನ ಮೇಲಿನ ಅಚ್ಚನ್ನು ಮನೆಗೆ ಸಾಕ್ಷಿಯಾಗಿ ಉಳಿಸಿಕೊಳ್ಳುವುದೆಂದು ಲೆಕ್ಕ ಹಾಕಿದ್ದಳು. ಚೀಟಿಯಲ್ಲಿ ಅಂಗಾತ ಮಲಗಿ ಹಚ್ಚಿಕೊಳ್ಳಿ ಎಂದಿತ್ತು. ವಿಶಾಲಾಕ್ಷಿ ಹಗಲು ಹೊತ್ತಿನಲ್ಲಿ ಮಲಗಿ ಗೊತ್ತಿಲ್ಲದವಳು. ಮೂರು ನಿಮಿಷ ಸುಮ್ಮನೆ ಬಿದ್ದುಕೊಂಡಿರುವುದೇ ಎಂದು, ಹಚ್ಚಿಕೊಂಡ ಕೂಡಲೇ ಮೆಶಿನ್ನಿಗೆ ಕೂತು ಒಂದು ಲಂಗದ ಅಂಚು ಮಡಿಸತೊಡಗಿದಳು. ಅಂಚು ಮಡಿಸುವಾಗ ತಲೆ ಬಗ್ಗಲೇಬೇಕು. ನೀರು ಕೆನ್ನೆಯಿಂದ ಜಾರಿ ಕತ್ತಿಗಿಳಿಯಿತು. ಲಂಗದ ಸುತ್ತಳತೆ ದೊಡ್ಡದಿತ್ತು, ಮೂರು ನಿಮಿಷ ಐದಾಯಿತು. ಸೋಡಾ ನೀರಿನಲ್ಲಿ ತೊಳೆದುಕೊಳ್ಳುವಾಗ ಕತ್ತೂ ಉರಿಯಿತು, ಬೆವರುಸಾಲೆ ಇರಬಹುದೆಂದುಕೊಂಡಳು. ಮೂರನೆಯ ದಿನ ಸ್ನಾನದ ಮನೆಯಲ್ಲಿ ಕೆನ್ನೆಯೂ ಕತ್ತೂ ಒಟ್ಟಿಗೆ ಸುಲಿದು ಬಂದವು. ಇಪ್ಪತ್ತಾರು ವರ್ಷದ ಹೂವಿನ ಜಾಲರಿ ಒಂದು ಟವೆಲ್ಲಿನೊಳಗೆ ಮುಗಿಯಿತು.

ಸುದ್ದಿ ಗೋಡೆ ದಾಟಿ ಹೋಗಿರಬೇಕು, ಪಕ್ಕದ ಮನೆಯ ಚನ್ನಿಗರಾಯ ಅದೇ ದಿನ ಸಂಜೆ ಅರ್ಜಿ ತಂದ. ಆತ ಎಣ್ಣೆ ಮಿಲ್ಲಿನವನು, ಹಿಂಡಿಯ ಚೀಲ ಇಡಲು ಜಾಗ ಸಾಲದೆ ಒದ್ದಾಡುತ್ತಿದ್ದ. ಕೆಟ್ಟವನೆಂದು ನಾನು ಹೇಳುವುದಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ವಿಶಾಲಕ್ಕನ ಮೇಲೆ ತನಗೇನೂ ಬೇಜಾರಿಲ್ಲ, ಆಕೆಗೆ ಹಿಂದಿನ ಕೋಣೆಯಲ್ಲಿ ಇರಲು ಅಡ್ಡಿಯಿಲ್ಲ, ಬೇಕಾದರೆ ಚೀಲಗಳನ್ನು ಒಂದು ಕಡೆ ಸರಿಸಿ ಮೆಶಿನ್ನಿಗೂ ಜಾಗ ಮಾಡಿಕೊಡುತ್ತೇನೆ, ಆದರೆ ನಿಯಮ ನಿಯಮವೇ ಅಲ್ಲವೇ ಎಂದ. ಅರ್ಜಿ ಸರಿಯಾಗಿತ್ತು. ನಾನು ಮುದ್ರೆ ಒತ್ತಿದೆ. ಪುರಸಭೆಯ ಅಧ್ಯಕ್ಷರು ಎರಡು ದಿನ ಬಿಟ್ಟು, ಅಂದರೆ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಕಛೇರಿಯ ಅಂಗಳದಲ್ಲಿ ಅಚ್ಚು ನೋಡುವುದೆಂದು ಗೊತ್ತು ಮಾಡಿದರು.

ಮಂಗಳವಾರ ಮಧ್ಯಾಹ್ನ ವಿಶಾಲಾಕ್ಷಿ ತಲೆತುಂಬ ಸೆರಗು ಹೊದ್ದು ನನ್ನ ಮನೆಗೆ ಬಂದಳು. ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಾನಾಗ ಇದ್ದ ಮನೆ ಮೊದಲು ವಿಶಾಲಾಕ್ಷಿಯ ಮನೆಯವರದಾಗಿತ್ತು. ಆಕೆಯ ತಾಯಿ ದಿನವಿಡೀ ಕಂಡವರ ಗದ್ದೆಯಲ್ಲಿ ಬಗ್ಗಿ ದುಡಿಯುತ್ತಿದ್ದಳು, ಅವಳ ಕೆನ್ನೆಗೆ ಯಾವ ಕಿಟಕಿಯೂ ಬೀಳಲಿಲ್ಲ. ಕಿಟಕಿಯ ಪಕ್ಕ ಕೂರುತ್ತಿದ್ದದ್ದು ಮಗಳು, ಮೊದಲು ಆಡುತ್ತಾ, ಆಮೇಲೆ ಊದುಬತ್ತಿ ಹೊಸೆಯುತ್ತಾ. ಆಕೆಗೆ ಹದಿನಾಲ್ಕಾದಾಗ ತಾಯಿ ತೀರಿಕೊಂಡಳು. ಆಗ ಆ ಹುಡುಗಿಯ ಅಚ್ಚನ್ನು ಓದಿದವರು ನನ್ನ ತಂದೆ. ಹನ್ನೊಂದು ಗೆರೆ, ಒಂದು ಕಡಿಮೆ ಎಂದು ಬರೆದರು. ಅಚ್ಚು ಪೂರ್ತಿಯಾಗದ ಮನೆಗೆ ಮೊದಲು ಅರ್ಜಿ ಕೊಟ್ಟವರೂ ಅವರೇ. ಹುಡುಗಿ ಸೋದರತ್ತೆಯ ಮನೆಗೆ ಹೋದಳು, ನಾವು ಆ ಮನೆಗೆ ಬಂದೆವು. ನನಗಾಗ ಇಪ್ಪತ್ತು. ಆವತ್ತು ಸಂಜೆ ಅಪ್ಪ ಊಟಕ್ಕೆ ಕೂತವರು ಹನ್ನೊಂದೇ ಇದ್ದದ್ದು ಎಂದರು. ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ ಅಂದರು.

ವಿಶಾಲಾಕ್ಷಿ ಹಜಾರದಲ್ಲಿ ನಿಂತು ಸೆರಗು ಸರಿಸಿದಳು. ಎಡಗೆನ್ನೆ ಹೊಸ ಚರ್ಮದಲ್ಲಿ ಹೊಳೆಯುತ್ತಿತ್ತು, ಕೆಂಪಗೆ, ಎಳೆಯದಾಗಿ. ಅದರ ಮೇಲೆ ನನ್ನ ಮನೆಯ ಕಿಟಕಿಯಿತ್ತು. ಒಂಬತ್ತು ಸರಳು, ಬಲದಿಂದ ಮೂರನೆಯದು ಸ್ವಲ್ಪ ಬಾಗಿದ್ದು. ಹೂವಿನ ಜಾಲರಿಯ ಅಡಿಯಲ್ಲಿ ಮೂವತ್ತೆಂಟು ವರ್ಷ ಅಡಗಿ ಕೂತಿದ್ದದ್ದು ಮೇಲೆ ಬಂದಿತ್ತು. ನನ್ನ ಕೈ ತಾನಾಗಿ, ಅದೇ ಕಿಟಕಿಯ ಅಚ್ಚಿದ್ದ ನನ್ನ ಕೆನ್ನೆಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದೇ.

“ನಿಮಗೆ ಹೇಳ್ದೆ ನೇರ ಕಛೇರಿಗೆ ಬರೋದು ಸರಿ ಅನ್ನಿಸ್ಲಿಲ್ಲ ಗುಮಾಸ್ತರೇ,” ಎಂದಳು. “ಹನ್ನೊಂದೇ ಇದ್ರೆ ನನ್ನ ಹಣೇಬರಹ. ಹಿಂದಿನ ಕೋಣೇಲಿ ಹಿಂಡಿ ವಾಸನೆ ಕುಡ್ಕೊಂಡು ಬಿದ್ದಿರ್ತೀನಿ. ನೀವೊಂದ್ಸಲ ನೋಡಿ.”

ನಾನು ಭೂತಗನ್ನಡಿ ತಂದೆ. ನೆರಳಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ, ಆದರೆ ಕಣ್ಣಿಗೆ ಕಾಣುವುದು ಕಾಣುತ್ತದೆ. ಹನ್ನೆರಡಿತ್ತು. ಹನ್ನೆರಡನೆಯ ಗೆರೆ ಉಳಿದವುಗಳಷ್ಟೇ ಸ್ಪಷ್ಟವಾಗಿತ್ತು, ಕಲಿಯುವ ಹುಡುಗನೂ ತಪ್ಪುವ ಹಾಗಿರಲಿಲ್ಲ. ಅಪ್ಪ ಸುಳ್ಳು ಬರೆದಿದ್ದರು. ಇಷ್ಟು ವರ್ಷ ನಾನು ಎಲ್ಲೋ ಒಳಗೆ ತಿಳಿದಿದ್ದು ತಿಳಿಯದವನ ಹಾಗೆ ಇದ್ದದ್ದು ಈಗ ಭೂತಗನ್ನಡಿಯಲ್ಲಿ ದೊಡ್ಡದಾಗಿ ಕಂಡಿತು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಹೆಂಡತಿ ಹೋಗಿ ಆರು ವರ್ಷ, ನಿವೃತ್ತಿಗೆ ಎರಡು ವರ್ಷ. ಈ ಮನೆ ಬಿಟ್ಟರೆ ನನಗೆ ತಲೆ ಇಡಲು ಒಂದು ಮೂಲೆಯಿಲ್ಲ.

ಬಿಸಿಲಿನಲ್ಲಿ ನೋಡದೆ ಏನೂ ಹೇಳಲಾಗದು ಎಂದೆ. ನಿಯಮದ ಪ್ರಕಾರ ಅದು ಸುಳ್ಳಲ್ಲ. ಆಕೆ ಒಪ್ಪಿದಳು. ಆಮೇಲೆ, ಚೀಟಿಯಲ್ಲಿ ಏಳು ದಿನ ಬಿಸಿಲಿಗೆ ಮುಖ ಕೊಡಬಾರದು ಅಂತ ಇದೆ, ನಾಳೆಗೆ ಐದೇ ದಿನ, ಎರಡು ದಿನ ಮುಂದಕ್ಕೆ ಹಾಕಿಸಲು ಅಧ್ಯಕ್ಷರಿಗೆ ನೀವು ಒಂದು ಮಾತು ಹೇಳಬಹುದೇ ಎಂದು ಕೇಳಿದಳು. ನೋಡ್ತೀನಿ ಎಂದೆ. ಆಕೆ ಬಿಟ್ಟುಹೋದ ಚೀಟಿಯನ್ನು ನಾನೂ ಒಮ್ಮೆ ಓದಿದೆ. ಅಧ್ಯಕ್ಷರ ಮನೆ ನನ್ನ ಮನೆಯಿಂದ ನಾಲ್ಕನೆಯದು. ನಾನು ಹೋಗಲಿಲ್ಲ.

ಏನು ಮಾಡಬೇಕೆಂದು ನಾನು ಗೊತ್ತುಮಾಡಿಕೊಂಡೆ ಎನ್ನುವುದು ತಪ್ಪಾಗುತ್ತದೆ. ಏನೂ ಮಾಡದಿದ್ದರೆ ಸಾಕಿತ್ತು. ನಾನು ನನ್ನ ಕೆಲಸವನ್ನು ನಿಯಮದ ಪ್ರಕಾರ, ಯಾವ ಅವಸರವೂ ಇಲ್ಲದೆ ಮಾಡಿದರೆ, ಸುಲಿದ ಚರ್ಮದ ಮೇಲೆ ನಡುಮಧ್ಯಾಹ್ನದ ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ತಿಳಿಯಿದ್ದ ಜಾಗವೂ ಕಪ್ಪಾಗಿ, ಕೆನ್ನೆಯೆಲ್ಲ ಒಂದೇ ಕಪ್ಪಾದರೆ ಓದಲು ಏನೂ ಉಳಿಯುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೂರು ಸಲ ಎಣಿಸಬೇಕೆಂಬ ನಿಯಮವನ್ನು ಮೂವತ್ತೊಂದು ವರ್ಷದಲ್ಲಿ ನಾನು ಒಮ್ಮೆಯೂ ಪಾಲಿಸಿದವನಲ್ಲ. ಒಂದು ಸಲ ಎಣಿಸಿ ಮೂರು ಸಲ ಎಂದು ಬರೆಯುತ್ತಿದ್ದೆ. ಎಲ್ಲರಿಗೂ ಅದು ಗೊತ್ತಿತ್ತು.

ಬುಧವಾರ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಅಧ್ಯಕ್ಷರು ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದರು. ಚನ್ನಿಗರಾಯ ಬಿಳಿ ಅಂಗಿ ತೊಟ್ಟು ಬಂದಿದ್ದ, ವಿಶಾಲಾಕ್ಷಿಗೆ ನಮಸ್ಕಾರ ಹೇಳಿದ. ಆಕೆ ನನ್ನ ಮುಖ ನೋಡಿದಳು. ಮುಂದಕ್ಕೆ ಹಾಕಿಸಿದ ಸುದ್ದಿ ಇಲ್ಲವೆಂದು ಅರ್ಥವಾಗಿರಬೇಕು, ಸ್ಟೂಲಿನ ಮೇಲೆ ಕೂತು ಸೆರಗು ತೆಗೆದಳು. ಬಿಸಿಲು ಆಕೆಯ ಕೆನ್ನೆಗೆ ಬಿತ್ತು. ಹೊಸ ಅಚ್ಚು ಕಂಡು ಜನ ಗುಸುಗುಸು ಅಂದರು. ಚನ್ನಿಗರಾಯ ಮುಂದೆ ಬಗ್ಗಿ ನೋಡಿ, ಇದು ನಮ್ಮ ಪಕ್ಕದ ಮನೆಯದಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ.

ನಾನು ಮೊದಲ ಸಲ ಎಣಿಸಿದೆ. ಹನ್ನೆರಡು. ಕನ್ನಡಿಯನ್ನು ಪಂಚೆಯ ಅಂಚಿಗೆ ಒರೆಸಿ ಎರಡನೆಯ ಸಲ ಶುರು ಮಾಡಿದೆ. ಜನ ಸ್ವಲ್ಪ ಆಶ್ಚರ್ಯಪಟ್ಟರು. ಎರಡನೆಯ ಸಲ ಮೊದಲಿಗಿಂತ ನಿಧಾನವಾಗಿ ಎಣಿಸಿದೆ, ನಡುವೆ ತಪ್ಪಿದವನ ಹಾಗೆ ಮತ್ತೆ ಒಂದರಿಂದ ಹಿಡಿದೆ. ಗದ್ದದ ಹತ್ತಿರ ಚರ್ಮ ಮೊದಲು ಕೆಂಪಗೆ, ಆಮೇಲೆ ಕಂದಾಯಿತು. ಕೆಳಗಿನ ಎರಡು ಸರಳಿನ ತುದಿ ಮಸುಕಾದವು. ಆಕೆಗೆ ಉರಿಯುತ್ತಿದ್ದಿರಬೇಕು, ಎಡಗಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಅಲುಗಾಡಲಿಲ್ಲ. ಮೂರನೆಯ ಸಲಕ್ಕೆ ನಾನು ಕನ್ನಡಿ ಎತ್ತಿದೆ. ನನ್ನ ಹಣೆಯ ಬೆವರು ಹನಿದು ಆಕೆಯ ಕೈಮೇಲೆ ಬಿತ್ತು.

ಆಕೆ ನನಗಷ್ಟೇ ಕೇಳುವ ಹಾಗೆ ಹೇಳಿದಳು: “ನಿಧಾನವಾಗಿ ನೋಡಿ ಗುಮಾಸ್ತರೇ, ಗಾಬರಿಯಾಗ್ಬೇಡಿ. ನಿಮ್ಮ ತಂದೆಯವರು ಪಾಪ ಅವತ್ತು ಅವಸರದಲ್ಲಿದ್ರು. ನೀವು ಹಾಗಲ್ಲ.”

ನಾನು ಆಕೆಗೋಸ್ಕರ ಇಷ್ಟು ಎಚ್ಚರಿಕೆಯಿಂದ ಎಣಿಸುತ್ತಿದ್ದೇನೆಂದು ತಿಳಿದಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಮೂರನೆಯ ಸಲವೂ ಎಣಿಸಿ ಮುಗಿಸುತ್ತಿದ್ದೆ. ಕನ್ನಡಿ ಕೆಳಗಿಳಿಸಿದೆ. ಆಕೆಯ ಸೆರಗನ್ನು ನಾನೇ ಎತ್ತಿ ಕೆನ್ನೆ ಮುಚ್ಚಿದೆ. ಪರಹೆಂಗಸಿನ ಸೆರಗು ಮುಟ್ಟಿದ್ದಕ್ಕೆ ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು.

ಓದಿದ್ದು ಆಯಿತು ಎಂದೆ. ಅಧ್ಯಕ್ಷರು ಹೇಳಿ ಎಂದರು.

“ಒಂಬತ್ತು ಸರಳು. ಬಲದಿಂದ ಮೂರನೆಯದು ಬಾಗಿದೆ. ಹನ್ನೆರಡು ಗೆರೆ, ಪೂರ್ತಿ. ಅದು ನಾನಿರೋ ಮನೆ ಕಿಟಕಿ. ನನಗಿಂತ ಮೊದಲು ಕೂತವರು ಇವರು. ಹಿಂದೆ ಹನ್ನೊಂದು ಅಂತ ಬರೆದದ್ದು ಸುಳ್ಳು.”

ಅಧ್ಯಕ್ಷರು ನನ್ನ ಕೆನ್ನೆಯ ಕಡೆ ನೋಡಿದರು, ಅಂಗಳದವರೆಲ್ಲ ನೋಡಿದರು. ಹೋಲಿಸಲು ಭೂತಗನ್ನಡಿ ಬೇಕಿರಲಿಲ್ಲ. ಹೂವಿನ ಜಾಲರಿಯ ಮನೆ ಚನ್ನಿಗರಾಯನಿಗೆ ಹೋಯಿತು, ನನ್ನದು ವಿಶಾಲಾಕ್ಷಿಗೆ. ಅಪ್ಪನ ಹೆಸರಿನ ಎದುರು ಕೆಂಪು ಶಾಯಿಯಲ್ಲಿ ತಿದ್ದುಪಡಿ ಬರೆಯುವ ಕೆಲಸವೂ ನನ್ನದೇ ಆದ್ದರಿಂದ ನಾನೇ ಬರೆದೆ. ಚನ್ನಿಗರಾಯ ಹೊರಗೆ ನನ್ನ ಹೆಗಲು ತಟ್ಟಿ, ತನಗೆ ಸಿಕ್ಕಿದ ಮನೆಯ ಹಿಂದಿನ ಕೋಣೆ ಖಾಲಿಯೇ ಇದೆ, ಬೇಕಾದರೆ ಬನ್ನಿ ಎಂದ. ಹೋಗಲು ಬೇರೆಲ್ಲೂ ಇರಲಿಲ್ಲವಾದ್ದರಿಂದ ಒಪ್ಪಿಕೊಂಡೆ. ಈಗ ಹಿಂಡಿಯ ಚೀಲಗಳ ನಡುವೆ ಮಲಗುತ್ತೇನೆ. ಆ ಕೋಣೆಗೆ ಕಿಟಕಿಯಿಲ್ಲ.

ನನ್ನ ಹತ್ತಿರ ಉಳಿದಿದ್ದ ಎರಡನೆಯ ಬೀಗದ ಕೈ ಕೊಡಲು ಹೋದದ್ದು ಅದಾಗಿ ಹದಿನೈದು ದಿನಕ್ಕೆ. ವಿಶಾಲಾಕ್ಷಿಯ ಮೆಶಿನ್ನು ಆಗಲೇ ಬಂದು ಕಿಟಕಿಯ ಪಕ್ಕ ಕೂತಿತ್ತು. ಆಕೆಯ ಕೆನ್ನೆ ಮಾಗಿತ್ತು. ಒರಟು ಹೋಗಿತ್ತು, ಬಿರುಕಿಲ್ಲ, ನಗಬಹುದಾದ ಮುಖ. ಆದರೆ ಗದ್ದದ ಮೇಲೆ, ಸರಳುಗಳು ಮುಗಿಯುವಲ್ಲಿ, ನಾಲ್ಕು ಬೆರಳಗಲ ಕಪ್ಪು ಉಳಿದುಬಿಟ್ಟಿತ್ತು. ಅದು ಇನ್ನು ಯಾವ ನೀರಿಗೂ ಹೋಗುವಂಥದ್ದಲ್ಲ ಎಂದು ನನ್ನ ಕಣ್ಣಿಗೆ ಗೊತ್ತಾಯಿತು. ಆಕೆ ಕಾಫಿ ಕೊಟ್ಟಳು. ನನಗೆ ಈ ಮನೆ ಬಂತು, ನಿಮಗೆ ಹೋಯಿತು, ನಿಮ್ಮಂಥವರು ಕಡಿಮೆ ಎಂದು ಏನೇನೋ ಒಳ್ಳೆಯ ಮಾತಾಡಿದಳು. ಆಮೇಲೆ ಗದ್ದ ಮುಟ್ಟಿಕೊಂಡು ನಕ್ಕಳು.

“ಇದೊಂದು ಮಾತ್ರ ಯಾವ ಲೆಕ್ಕಕ್ಕೂ ಸಿಗ್ತಿಲ್ಲ ನೋಡಿ. ಇದು ಯಾವ ಕಿಟಕೀದು ಅಂತ ಬರೀತೀರಿ?”

ಸುಮ್ಮನಿದ್ದು ಕಾಫಿ ಕುಡಿದು ಬರಬಹುದಾಗಿತ್ತು. ಊರೆಲ್ಲ ನನ್ನನ್ನು ಸತ್ಯವಂತ ಎನ್ನುತ್ತಿತ್ತು, ಅದು ಕೇಳಲು ಚೆನ್ನಾಗಿಯೂ ಇತ್ತು.

“ಅದು ಕಿಟಕೀದಲ್ಲಮ್ಮ,” ಎಂದೆ. “ನಂದು.”

ಆಮೇಲೆ ಎಲ್ಲ ಹೇಳಿದೆ. ಮಂಗಳವಾರವೇ ಹನ್ನೆರಡು ಎಣಿಸಿದ್ದು, ಅಧ್ಯಕ್ಷರ ಮನೆಗೆ ಹೋಗದೇ ಇದ್ದದ್ದು, ಎರಡನೆಯ ಸಲ ಬೇಕೆಂದೇ ತಪ್ಪಿದ್ದು, ಆಕೆ ಆ ಮಾತಾಡದಿದ್ದರೆ ಮೂರನೆಯದನ್ನೂ ಮುಗಿಸುತ್ತಿದ್ದದ್ದು. ಆಕೆ ಪೂರ್ತಿ ಕೇಳಿದಳು. ನಗು ಯಾವಾಗ ನಿಂತಿತೋ ನಾನು ನೋಡಲಿಲ್ಲ. ಬೈಯುತ್ತಾಳೆಂದು ಕಾದೆ, ಅಳುತ್ತಾಳೆಂದು ಕಾದೆ. ಆಕೆ ನನ್ನ ಕೈಯಿಂದ ಲೋಟ ತಗೊಂಡು ಒಳಗಿಟ್ಟು ಬಂದು, ಮೆಶಿನ್ನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸಿದಳು.

“ಹಾಗಾದ್ರೆ ದಿನಾ ಬಂದು ನೋಡ್ಕೊಂಡು ಹೋಗಿ,” ಎಂದಳು.

ದಿನಾ ಹೋಗುತ್ತೇನೆ. ಕಛೇರಿ ಮುಗಿಸಿ ಬಂದು ಕಿಟಕಿಯ ಹೊರಗೆ ನಿಲ್ಲುತ್ತೇನೆ. ಆಕೆ ಹೊಲಿಗೆ ನಿಲ್ಲಿಸಿ ಮುಖ ನನ್ನ ಕಡೆ ತಿರುಗಿಸುತ್ತಾಳೆ, ನಾನು ನೋಡಿ ಮುಗಿಸುವ ತನಕ ಹಾಗೇ ಇರುತ್ತಾಳೆ. ಆಮೇಲೆ ಮತ್ತೆ ತಲೆ ಬಗ್ಗಿಸುತ್ತಾಳೆ.